ಜಪಾನ್ ಪಾಪ್‌ನಲ್ಲಿ ಪ್ರಯೋಗವನ್ನೂ ಮಾಡಿ ಜನರನ್ನೂ ಉಳಿಸಿಕೊಂಡವರು ಯಾರು? ಆರ್ಕೆಸ್ಟ್ರಾದವನೊಬ್ಬನ ಪ್ರಶ್ನೆ

ಕೀಬೋರ್ಡ್ ಕೋಲಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 26 ವರ್ಷದಿಂದ ಜಪಾನ್ ಕಂಪನಿಯ ಕೀಬೋರ್ಡ್ ನುಡಿಸುತ್ತಿದ್ದೇನೆ. ನಮ್ಮ ಹುಡುಗ ಬಡಿಯುವ ಆಕ್ಟೋಪ್ಯಾಡ್ ಕೂಡ ಅವರದ್ದೇ. ಆದರೆ ಹೋದ ತಿಂಗಳವರೆಗೆ ಒಂದೇ ಒಂದು ಜಪಾನಿ ಹಾಡು ನನಗೆ ಗೊತ್ತಿರಲಿಲ್ಲ.

ನಮ್ಮದು ಕೋಲಾರದಲ್ಲಿ ಆರು ಜನರ ಆರ್ಕೆಸ್ಟ್ರಾ. ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್ನು, ನವೆಂಬರ್ ಬಂದರೆ ರಾಜ್ಯೋತ್ಸವ. ಕನ್ನಡ ಅರ್ಧ, ತೆಲುಗು ಅರ್ಧ. ಮುಳಬಾಗಿಲು ದಾಟಿದರೆ ತೆಲುಗು ಮುಕ್ಕಾಲು. ಈಗ ನರಸಾಪುರದ ಕಡೆ ಒಂದು ಫ್ಯಾಕ್ಟರಿಯ ವಾರ್ಷಿಕೋತ್ಸವಕ್ಕೆ ಪ್ರೋಗ್ರಾಂ ಸಿಕ್ಕಿದೆ. ಎಚ್‌ಆರ್‌ನವರು ಅಡ್ವಾನ್ಸ್ ಹಾಕಿದ ಮೇಲೆ ನಿಧಾನಕ್ಕೆ ಬಾಯಿಬಿಟ್ಟರು: "ಮುಂದಿನ ಸಾಲಲ್ಲಿ ಜಪಾನಿನವರು ಎಂಟು ಜನ ಕೂತಿರ್ತಾರೆ ಸಾರ್. ಅವರದ್ದೂ ಒಂದು ಹಾಡು ಇರಲಿ." ನಾನು "ಆಯ್ತು ಸಾರ್" ಅಂದೆ. ನಮ್ಮ ಕಸುಬಿನಲ್ಲಿ ಫೋನ್ ಮೇಲೆ "ಬರಲ್ಲ" ಅಂತ ಯಾರೂ ಹೇಳುವುದಿಲ್ಲ.

ಮಗಳು ಪಿಯುಸಿ ಓದುತ್ತಿದ್ದಾಳೆ. ಅವಳ ಫೋನಿನಲ್ಲಿ ಜಪಾನಿ ಹಾಡೇ ಜಾಸ್ತಿ. ಅವಳೇ ಒಂದು ಪಟ್ಟಿ ಮಾಡಿಕೊಟ್ಟಳು. ಮೂರು ವಾರ, ರಾತ್ರಿ ಊಟ ಆದಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಬೇಕಾಗಿದ್ದು ಒಂದು ಹಾಡು, ಸಿಕ್ಕಿದ್ದು ತಲೆಗೆ ಹುಳ.

ಮೊದಲು ಕೇಳಿದ್ದು ಉತಾದಾ ಹಿಕಾರು. 1999ರ ಮಾರ್ಚಿನಲ್ಲಿ, 16ನೇ ವಯಸ್ಸಿನಲ್ಲಿ, ಮೊದಲ ಜಪಾನಿ ಆಲ್ಬಂ 'ಫಸ್ಟ್ ಲವ್' ತಂದವರು. ಜಪಾನ್ ಒಂದರಲ್ಲೇ 76 ಲಕ್ಷಕ್ಕೂ ಹೆಚ್ಚು ಮಾರಾಟ. ಆ ದೇಶದಲ್ಲಿ ಅದನ್ನು ಮೀರಿಸಿದ ಆಲ್ಬಂ ಇವತ್ತಿಗೂ ಇಲ್ಲ. ಇಷ್ಟು ಜನ ಕೊಂಡಿದ್ದಾರೆ ಅಂದಮೇಲೆ ಸುಲಭದ ಹಾಡೇ ಇರಬೇಕು, ಒಂದು ಗಂಟೆಯಲ್ಲಿ ಕಾರ್ಡ್ಸ್ ಬರೆದುಕೊಂಡು ಮಲಗೋಣ ಅಂದುಕೊಂಡೆ. ಹಾಗಾಗಲಿಲ್ಲ.

ಅದಕ್ಕೂ ಮೂರು ತಿಂಗಳು ಮೊದಲು ಬಂದ 'ಆಟೊಮ್ಯಾಟಿಕ್' ಹಾಡಿನ ಮೊದಲ ಸಾಲನ್ನೇ ತೆಗೆದುಕೊಳ್ಳಿ. 'ನಾನಾಕಾಯಿಮೆ' ಅಂದರೆ ಏಳನೇ ಸಲ ಅಂತೆ. ಫೋನು ಏಳನೇ ಸಲ ಹೊಡೆದಾಗ ನೀನು ಎತ್ತಿದೆ ಅನ್ನುವ ಸಾಲು. ಅದನ್ನು ಅವರು 'ನಾ' ಅಂತ ಹೇಳಿ ನಿಲ್ಲಿಸಿಬಿಡುತ್ತಾರೆ. ಉಳಿದದ್ದನ್ನು ಮುಂದಿನ ಹೊಡೆತಕ್ಕೆ ತಳ್ಳುತ್ತಾರೆ. ಆಮೇಲೆ 'ಬೆರು' ಅನ್ನುವ ಎರಡಕ್ಷರದ ಪದವನ್ನೂ ನಡುವೆ ಮುರಿಯುತ್ತಾರೆ. ನಮ್ಮ ಗಾಯಕಿ 'ಕಾವೇರಿ' ಅನ್ನುವುದನ್ನು 'ಕಾ' ಅಂತ ನಿಲ್ಲಿಸಿ, ಆಮೇಲೆ 'ವೇರಿ' ಅಂದಿದ್ದರೆ ಪ್ರಾಕ್ಟೀಸಿನಲ್ಲೇ ಬೈದಿರುತ್ತಿದ್ದೆ. ಇಲ್ಲಿ ಅದೇ ರುಚಿ. ಕೆಳಗೆ ಬೇಸ್ ಅಮೆರಿಕದ ಆರ್ ಅಂಡ್ ಬಿ ತರಹ ನಡೆಯುತ್ತಿದೆ, ಅದರ ಹೊಡೆತಕ್ಕೆ ತಕ್ಕಂತೆ ಪದವನ್ನು ಮುರಿದು ಕೂರಿಸಿದ್ದಾರೆ.

ಅದೇ ಉತಾದಾ 2022ರಲ್ಲಿ 'ಬ್ಯಾಡ್ ಮೋಡ್' ತಂದರು. ಅದರಲ್ಲಿ ಸುಮಾರು 12 ನಿಮಿಷದ ಒಂದು ಹಾಡಿದೆ. ಫ್ಲೋಟಿಂಗ್ ಪಾಯಿಂಟ್ಸ್ ಅನ್ನುವ ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತಗಾರನ ಜೊತೆ ಮಾಡಿದ್ದು. ಮಾರ್ಸೇಲ್ ಊರಿನ ಹತ್ತಿರ ಎಲ್ಲೋ ಸಿಗೋಣ ಅನ್ನುವುದು ಬಿಟ್ಟರೆ ಹೆಚ್ಚು ಮಾತಿಲ್ಲ. ಪಲ್ಲವಿ, ಚರಣ ಅಂತ ಹುಡುಕಿದರೆ ಸಿಗುವುದಿಲ್ಲ. ಆರನೇ ನಿಮಿಷಕ್ಕೆ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಹಾಡು ಇನ್ನೂ ಅಲ್ಲೇ ಸುತ್ತುತ್ತಿತ್ತು. ಆದರೂ ಮಾರನೇ ದಿನ ಮತ್ತೆ ಹಾಕಿಕೊಂಡೆ.

ಆಮೇಲೆ ಶೀನಾ ರಿಂಗೊ. ಇವರೂ 1998ರಲ್ಲೇ ಬಂದವರು. 2000ದಲ್ಲಿ ಬಂದ ಎರಡನೇ ಆಲ್ಬಂ 20 ಲಕ್ಷ ದಾಟಿತು. ಅದೇ ತರಹ ಇನ್ನೊಂದು ಕೊಟ್ಟಿದ್ದರೆ ಆರಾಮಾಗಿ ಇರಬಹುದಿತ್ತು ಅಲ್ವಾ? 2003ರಲ್ಲಿ ಮೂರನೆಯದ್ದು ಬಂತು. 11 ಹಾಡು. ಒಟ್ಟು ಅವಧಿ ಸರಿಯಾಗಿ 44 ನಿಮಿಷ 44 ಸೆಕೆಂಡು. ಆರನೇ ಹಾಡನ್ನು ನಡುವೆ ಇಟ್ಟುಕೊಂಡು ಎರಡೂ ಕಡೆಯ ಹೆಸರುಗಳು ಕನ್ನಡಿ ಹಿಡಿದ ಹಾಗೆ ಜೋಡಿ. ಕೋತೊ ತಂತಿ ಒಂದು ಕಡೆ, ಪಿಟೀಲಿನ ದಂಡು ಇನ್ನೊಂದು ಕಡೆ. ಮೊದಲ ವಾರ ನಂಬರ್ ಒನ್ ಆಯಿತು, ನಿಜ. ಆದರೆ ಹಿಂದಿನದ್ದರ ಮುಂದೆ ಮಾರಾಟ ಬಹಳ ಕಮ್ಮಿ. ಮರುವರ್ಷ ತೋಕ್ಯೋ ಜಿಹೆನ್ ಅಂತ ಬ್ಯಾಂಡ್ ಕಟ್ಟಿಕೊಂಡರು. ಇನ್ನು ಇವರದ್ದು ಒಂದು ಮೂಲೆಯ ಗುಂಪಿಗೆ ಮಾತ್ರ ಅಂದುಕೊಂಡರೆ, 2016ರ ರಿಯೊ ಒಲಿಂಪಿಕ್ಸ್ ಮುಕ್ತಾಯದಲ್ಲಿ ತೋಕ್ಯೋಗೆ ಬಾವುಟ ಹಸ್ತಾಂತರಿಸುವ ಕಾರ್ಯಕ್ರಮದ ಸಂಗೀತದ ಉಸ್ತುವಾರಿ ಇವರದ್ದೇ!

ನನಗೆ ಕಂಡಿದ್ದು ಇಷ್ಟು. ಉತಾದಾ ತಮ್ಮ ಪ್ರಯೋಗವನ್ನು ಮುದ್ದೆಯೊಳಗೆ ತುಪ್ಪ ಇಟ್ಟ ಹಾಗೆ ಇಡುತ್ತಾರೆ. ನುಂಗಿದ ಮೇಲೆ ಗೊತ್ತಾಗುತ್ತದೆ. ರಿಂಗೊ ತಟ್ಟೆಯನ್ನೇ ತಿರುಗಿಸಿ ಇಡುತ್ತಾರೆ. ನನ್ನ ಮನಸ್ಸು ಉತಾದಾ ಕಡೆಗೆ ಇದೆ, ಆದರೆ ನಾನು ಕೇಳಿದ್ದು ಮೂರೇ ವಾರ. ಗೊತ್ತಿರುವವರು ಹೇಳಿ: ಇವರಿಬ್ಬರಲ್ಲಿ ಯಾರದ್ದು ನಿಜವಾದ ಸಾಧನೆ? ಬೇರೆ ಯಾರನ್ನು ಕೇಳಬೇಕು? ಮತ್ತೆ, ಎಂಟು ಜಪಾನಿನವರು, ಹಿಂದೆ ಆರುನೂರು ನಮ್ಮ ಹುಡುಗರು ಕೂತಿರುವ ಕಡೆ ಆರು ಜನ ಸೇರಿ ನುಡಿಸಬಹುದಾದ ಹಾಡು ಯಾವುದು?

---

ಲಘುಗುರು, ಚಿಂತಾಮಣಿ:

ಕೀಬೋರ್ಡ್ ಅವರೇ, ನಾನು ನಿವೃತ್ತ ಕನ್ನಡ ಮೇಷ್ಟ್ರು. ಮಗ ಸೊಸೆ ಒಸಾಕಾದಲ್ಲಿದ್ದಾರೆ. ಮೊಮ್ಮಗನಿಗೆ ಅಕ್ಷರ ಕಲಿಸುವಾಗ ಪಕ್ಕದಲ್ಲಿ ಕೂತು ನಾನೂ ಸ್ವಲ್ಪ ಕಲಿತೆ. ಆದ್ದರಿಂದ ಆ ಪದ ಮುರಿಯುವ ವಿಷಯಕ್ಕೆ ಮಾತ್ರ ಬಾಯಿ ಹಾಕುತ್ತೇನೆ.

ಜಪಾನಿ ಭಾಷೆ ಮಾತ್ರೆಯ ಲೆಕ್ಕದಲ್ಲಿ ನಡೆಯುತ್ತದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತು ಬಂದರೆ ಅದರ ಮೊದಲರ್ಧಕ್ಕೂ ಒಂದು, ಕೊನೆಯ 'ನ್'ಗೂ ಒಂದು. 'ನಿಪ್ಪೊನ್' ಅಂದರೆ ನಿ, ಪ್, ಪೊ, ನ್, ಒಟ್ಟು ನಾಲ್ಕು. ನಮ್ಮ ಛಂದಸ್ಸಿನಲ್ಲಿ ಪ್ರಸ್ತಾರ ಹಾಕಿ ನೋಡಿ. ಗುರು, ಗುರು. ಅದೂ ನಾಲ್ಕೇ! ನಾನು ಇದನ್ನು ಕಂಡುಕೊಂಡ ದಿನ ಸೊಸೆಗೆ ಫೋನ್ ಮಾಡಿ ಹೇಳಿದೆ. ಅವಳು "ಹೌದಾ ಮಾವ" ಅಂದು ಮಗುವಿಗೆ ಊಟ ಮಾಡಿಸಲು ಹೋದಳು.

ಅಲ್ಲಿಯ ಹಳೇ ಹಾಡುಗಳಲ್ಲಿ ಒಂದು ಮಾತ್ರೆಗೆ ಒಂದು ಸ್ವರ ಕೊಡುವುದೇ ವಾಡಿಕೆ. ಉತಾದಾ ಮಾಡಿದ್ದು ಪದದ ಗಡಿಯನ್ನು ಒಂದು ಕಡೆ, ತಾಳದ ಗಡಿಯನ್ನು ಇನ್ನೊಂದು ಕಡೆ ಇಟ್ಟಿದ್ದು. ನಮಗೆ ಇದು ಹೊಸದಲ್ಲ. ಭಾಮಿನಿ ಷಟ್ಪದಿ ಓದುವಾಗ ಗಣ ಒಂದು ಕಡೆ ಮುರಿಯುತ್ತದೆ, ಪದ ಇನ್ನೊಂದು ಕಡೆ. ಸಾಲಿನ ಕೊನೆಗೆ ಅರ್ಧ ಪದ ನಿಂತು ಮುಂದಿನ ಸಾಲಿಗೆ ಇಳಿಯುತ್ತದೆ. ಆದ್ದರಿಂದ ನಿಮ್ಮ ಗಾಯಕಿ ಮುಂದೆ ಯಾವತ್ತಾದರೂ 'ಕಾ-ವೇರಿ' ಅಂದರೆ ಬೈಯುವ ಮೊದಲು ನನ್ನನ್ನು ನೆನೆಸಿಕೊಳ್ಳಿ.

ಇನ್ನೊಂದು. ಉತಾದಾ ಅವರ ತಾಯಿ ಫುಜಿ ಕೇಕೊ, ಎನ್ಕಾ ಗಾಯಕಿ. 1970ರಲ್ಲಿ ಅವರ ಎರಡು ಆಲ್ಬಂ ಒಂದರ ಹಿಂದೆ ಒಂದು, ಸೇರಿ 37 ವಾರ ಮೊದಲ ಸ್ಥಾನದಲ್ಲಿದ್ದವು. ಎನ್ಕಾ ಅಂದರೆ ನೋವಿನ ಹಾಡು, ಕಂಠ ನಡುಗಿಸಿ ಹಾಡುವುದು. ಅದರ ಒಂದು ಸ್ವರಶ್ರೇಣಿ ಶಿವರಂಜನಿಯ ಧೈವತವನ್ನು ಕೋಮಲ ಮಾಡಿದ ಹಾಗಿರುತ್ತದೆ. ನುಡಿಸಿ ನೋಡಿ. 'ಫಸ್ಟ್ ಲವ್' ಹಾಡಿನಲ್ಲಿ ಆರ್ ಅಂಡ್ ಬಿ ಎಷ್ಟೇ ಇರಲಿ, ಗಂಟಲಿನ ಆ ಸಣ್ಣ ನಡುಕ ಅಮ್ಮನ ಮನೆಯದ್ದು ಅಂತ ನನ್ನ ಕಿವಿಗೆ ಅನಿಸುತ್ತದೆ. 76 ಲಕ್ಷ ಜನ ಕೊಂಡಿದ್ದು ಹೊಸತನಕ್ಕೋ, ಆ ನಡುಕಕ್ಕೋ?

---

ಬಿ ಶಿಫ್ಟ್:

ಅಣ್ಣ, ನಾನು ಅದೇ ಕಡೆ ಬೇರೊಂದು ಫ್ಯಾಕ್ಟರಿಯಲ್ಲಿ ದುಭಾಷಿ. ಮೊದಲು ನಿಮ್ಮ ಪ್ರೋಗ್ರಾಂ ಉಳಿಸೋಣ, ಆಮೇಲೆ ಸಾಧನೆ.

ಮುಂದಿನ ಸಾಲಿನಲ್ಲಿ ಕೂರುವವರ ವಯಸ್ಸು ಕೇಳಿದ್ರಾ? ನಮ್ಮಲ್ಲಿ ಬರುವ ದೊಡ್ಡವರು ಎಲ್ಲಾ 55ರ ಆಚೆ ಈಚೆ. ಅವರು ಹೈಸ್ಕೂಲಿನಲ್ಲಿದ್ದಾಗ 1980ರ ದಶಕ. ಬೆಂಗಳೂರಿನಲ್ಲಿ ಊಟ ಆದಮೇಲೆ ಮೈಕ್ ಕೈಗೆ ಬಂದರೆ ರಿಂಗೊ ಹಾಡಲ್ಲ, ಮತ್ಸುದಾ ಸೇಕೊ, ನಕಾಮೊರಿ ಅಕಿನಾ ಅಂತ ಶುರು ಮಾಡುತ್ತಾರೆ. ನಾನು ನೀರಿನ ಲೋಟ ಹಿಡಿದುಕೊಂಡು ಪಕ್ಕದಲ್ಲಿ ಕೂತು ಕೂತು ಅರ್ಧ ಹಾಡು ಬಾಯಿಪಾಠ.

ಪ್ರಯೋಗ ಅಂದಿರಲ್ಲ, ಅದು ಅಲ್ಲೇ ಬಚ್ಚಿಟ್ಟುಕೊಂಡಿದೆ. ಸೇಕೊ ಅಂದರೆ ಆ ಕಾಲದ ಮನೆಮಾತು, ಸತತ 24 ಸಿಂಗಲ್ ನಂಬರ್ ಒನ್. 1983ರಲ್ಲಿ ಅವರ 'ತೆಂಗೊಕು ನೊ ಕಿಸು', 'ಗರಾಸು ನೊ ರಿಂಗೊ' ಎರಡಕ್ಕೂ ಟ್ಯೂನ್ ಹಾಕಿದ್ದು ಹೊಸೊನೊ ಹರುಓಮಿ. ಯಾರು ಈತ? 1978ರಲ್ಲಿ ಸಕಾಮೊತೊ ರ್‍ಯೂಯಿಚಿ, ತಕಾಹಾಶಿ ಯುಕಿಹಿರೊ ಜೊತೆ ಸೇರಿ ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ ಕಟ್ಟಿದ ಮನುಷ್ಯ. ಸಿಂಥಸೈಸರ್, ಕಂಪ್ಯೂಟರ್ ಸೀಕ್ವೆನ್ಸರ್ ಇಟ್ಟುಕೊಂಡು ಯಾರೂ ಮಾಡದ ಸದ್ದು ಮಾಡಿದವರು. ಬೆಳಿಗ್ಗೆ ಲ್ಯಾಬಿನಲ್ಲಿ ಬಾಂಬು, ಸಂಜೆ ಅಂಗಡಿಯಲ್ಲಿ ಮಿಠಾಯಿ. ಸಾಹಿತ್ಯ ಬರೆದ ಮತ್ಸುಮೊತೊ ತಕಾಶಿ ಕೂಡ ಹೊಸೊನೊ ಇದ್ದ ಹಳೇ ರಾಕ್ ಬ್ಯಾಂಡಿನ ಡ್ರಮ್ಮರ್.

ಅಕಿನಾ ಕಥೆ ಇನ್ನೂ ಮಜಾ. 1985, 1986 ಎರಡೂ ವರ್ಷ ಜಪಾನ್ ರೆಕಾರ್ಡ್ ಅವಾರ್ಡ್ ಅವರಿಗೇ. ಅಂದರೆ ತುತ್ತತುದಿ. ಆ 1986ರ ಆಗಸ್ಟಿನಲ್ಲೇ 'ಫುಶಿಗಿ' ಅಂತ ಆಲ್ಬಂ ತಂದರು, ನಿರ್ಮಾಣವೂ ಅವರದ್ದೇ. ಫುಶಿಗಿ ಅಂದರೆ ವಿಚಿತ್ರ. ಗಾಯಕಿಯ ಧ್ವನಿಯೇ ಸರಿಯಾಗಿ ಕೇಳಿಸುವುದಿಲ್ಲ! ಎಕೋ, ರಿವರ್ಬ್ ಒಳಗೆ ಮುಳುಗಿಸಿ, ಮೇಲೆ ಗಿಟಾರು ಸಿಂಥು ಹೇರಿದ್ದಾರೆ. ಬಾವಿಯೊಳಗಿಂದ ಯಾರೋ ಕೂಗಿದ ಹಾಗೆ. ಅದೂ ನಂಬರ್ ಒನ್ ಆಯಿತು. ರಿಂಗೊಗಿಂತ 17 ವರ್ಷ ಮೊದಲು, ಐಡಲ್ (ಕಂಪನಿ ತಯಾರು ಮಾಡಿದ ಮುದ್ದು ತಾರೆ) ಅನ್ನುವ ಹಣೆಪಟ್ಟಿ ಇಟ್ಟುಕೊಂಡೇ ಮಾಡಿದ್ದು ಇದು. ನನ್ನ ಓಟು ಅಕಿನಾಗೆ.

---

ಕೀಬೋರ್ಡ್ ಕೋಲಾರ:

ಬಿ ಶಿಫ್ಟ್ ತಮ್ಮ, 'ಫುಶಿಗಿ' ಈಗ ಕೇಳಿದೆ. ನಗು ಬಂತು. ಎರಡು ವರ್ಷದ ಹಿಂದೆ ಒಂದು ಜಾತ್ರೆಯಲ್ಲಿ ಮೈಕ್‌ಸೆಟ್ ಹುಡುಗ ಎಕೋ ಗುಂಡಿಯನ್ನು ಪೂರ್ತಿ ತಿರುಗಿಸಿ ಬೀಡಿ ಸೇದಲು ಹೋಗಿದ್ದ. ನಮ್ಮ ಗಾಯಕಿ ಹಾಡಿದ್ದು ಒಂದು ಸಾಲು, ಕೇಳಿಸಿದ್ದು ನಾಲ್ಕು ಸಾಲು. ಮುಂದೆ ಕೂತಿದ್ದ ಅಜ್ಜಿ "ಏನಮ್ಮಾ, ಗವಿಯಲ್ಲಿ ಕೂತಿದೀಯಾ?" ಅಂದರು. ಅದೇ ಸದ್ದಿಗೆ ಅಲ್ಲಿ ಮೊದಲ ಸ್ಥಾನ! ಸುಮ್ನೆ ತಮಾಷೆಗೆ ಹೇಳಿದೆ. ಅಕಿನಾ ಬೇಕು ಅಂತಲೇ ಮಾಡಿದ್ದು ಗೊತ್ತಾಗುತ್ತದೆ. ಧ್ವನಿ ಮುಳುಗಿದರೂ ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಸರಿಯಾಗಿ ತೆಗೆದುಕೊಳ್ಳುತ್ತಾರೆ.

ಮೇಷ್ಟ್ರೇ, ಧೈವತ ಕೋಮಲ ಮಾಡಿ ನುಡಿಸಿದೆ. ಹೆಂಡತಿ ಅಡುಗೆಮನೆಯಿಂದ ಬಂದು "ಯಾರು ಹೋದ್ರು?" ಅಂದಳು.

---

ಒಂದು ಮಾತು:

ಎಲ್ಲರೂ ಕಷ್ಟದ ಹಾಡು ಹುಡುಕಿಕೊಂಡು ಹೊರಟಿದ್ದೀರಿ. ಜನ ಮೆಚ್ಚಿದ್ದಕ್ಕೆ ಒಂದು ನೆಪ ಬೇಕಾ? 2001ರ ಮಾರ್ಚ್ 28ರಂದು ಉತಾದಾ ಅವರ ಎರಡನೇ ಆಲ್ಬಮ್ಮೂ ಹಾಮಸಾಕಿ ಆಯುಮಿ ಅವರ ಆಯ್ದ ಹಾಡುಗಳ ಆಲ್ಬಮ್ಮೂ ಒಂದೇ ದಿನ ಅಂಗಡಿಗೆ ಬಂದವು. ಮೊದಲ ವಾರದಲ್ಲೇ ಉತಾದಾಗೆ ಸುಮಾರು 30 ಲಕ್ಷ, ಆಯುಮಿಗೆ ಸುಮಾರು 28.7 ಲಕ್ಷ. ಒಂದೇ ವಾರ! ಆಯುಮಿ ಹಾಡಲ್ಲಿ ತಾಳ ಮುರಿಯುವುದು, ಹೆಸರನ್ನು ಕನ್ನಡಿಯಲ್ಲಿ ತೋರಿಸುವುದು ಏನೂ ಇಲ್ಲ. ತನ್ನ ಸಾಹಿತ್ಯ ತಾನೇ ಬರೆದರು. ಒಂಟಿತನದ ಬಗ್ಗೆ ನೇರವಾಗಿ ಬರೆದರು. ಕ್ರೇಯಾ ಅನ್ನುವ ಹೆಸರಿನಲ್ಲಿ ಟ್ಯೂನೂ ಹಾಕಿದರು. 2001ರಿಂದ ಮೂರು ವರ್ಷ ಸತತವಾಗಿ ರೆಕಾರ್ಡ್ ಅವಾರ್ಡ್. ಒಂದು ಪೀಳಿಗೆಯ ಹುಡುಗಿಯರು ಅವರ ಹಾಗೆ ಉಗುರು ಬಣ್ಣ ಹಾಕಿ, ಅವರ ಹಾಗೆ ಅತ್ತರು. ನೇರ ಹಾಡು ಬರೆಯುವುದು ತಿರುಚಿದ ಹಾಡಿಗಿಂತ ಸುಲಭ ಅಂತ ಯಾರು ಹೇಳಿದ್ದು? ನೀವು ಇಪ್ಪತ್ತಾರು ವರ್ಷ ಪೆಂಡಾಲಿನಲ್ಲಿ ನುಡಿಸಿದವರು, ನಿಮಗೆ ಗೊತ್ತಿರಬೇಕಿತ್ತು.

---

ಬಾಗೇಪಲ್ಲಿ ಅಮ್ಮು:

ಒಂದು ಮಾತು ಅವರೇ, ಸ್ವಲ್ಪ ನೀರು ಕುಡಿಯಿರಿ 🙂

ಯಾರೂ ಫುಜಿಯಿ ಕಾಜೆ ಹೆಸರು ಹೇಳಲಿಲ್ಲವಲ್ಲ! ನನಗೆ ಇವರು ಸಿಕ್ಕಿದ್ದು ಬಹಳ ವಿಚಿತ್ರವಾಗಿ. ನಮ್ಮ ಬಾಗೇಪಲ್ಲಿಯಿಂದ ಪುಟ್ಟಪರ್ತಿ ದೂರ ಇಲ್ಲ. ನಮ್ಮಜ್ಜಿ ಅಲ್ಲಿಗೆ ಸೇವೆಗೆ ಹೋಗುತ್ತಿದ್ದರು. ಮನೆಯ ಕ್ಯಾಲೆಂಡರಿನಲ್ಲಿ "ಹೆಲ್ಪ್ ಎವರ್, ಹರ್ಟ್ ನೆವರ್" ಅಂತ ಸಾಯಿಬಾಬಾ ಮಾತು, ನಾನು ಒಂದನೇ ಕ್ಲಾಸಿನಲ್ಲಿ ಕೂಡಿಸಿ ಓದಿದ ಮೊದಲ ಇಂಗ್ಲಿಷು ಅದೇ. ಒಂದು ದಿನ ಬೆಂಗಳೂರಿನ ಪಿಜಿಯಲ್ಲಿ ರೂಂಮೇಟ್ ಫೋನಿನಲ್ಲಿ ಜಪಾನಿ ಆಲ್ಬಂ. ಹೆಸರು ನೋಡಿದರೆ 'ಹೆಲ್ಪ್ ಎವರ್ ಹರ್ಟ್ ನೆವರ್'. ನಾನು ಯಾರೋ ಭಜನೆ ಹಾಡಿದ್ದಾರೆ ಅಂದುಕೊಂಡೆ. ಅಲ್ಲ, 2020ರಲ್ಲಿ ಬಂದ ಫುಜಿಯಿ ಅವರ ಮೊದಲ ಆಲ್ಬಂ. 2022ರ ಎರಡನೆಯದ್ದು 'ಲವ್ ಆಲ್ ಸರ್ವ್ ಆಲ್'. ಅದೂ ಅಜ್ಜಿಯ ಕ್ಯಾಲೆಂಡರಿನದ್ದೇ!

ಓಕಾಯಾಮಾ ಕಡೆಯ ಸತೊಶೊ ಅನ್ನುವ ಸಣ್ಣ ಊರಿನವರು. 12ನೇ ವಯಸ್ಸಿನಿಂದ ಪಿಯಾನೊ ನುಡಿಸಿ ಯೂಟ್ಯೂಬಿಗೆ ಹಾಕುತ್ತಿದ್ದರು. ಮೊದಲ ಆಲ್ಬಮ್ಮಿನ 'ಶಿನು ನೊ ಗಾ ಇ ವಾ' ಸಿಂಗಲ್ ಆಗಿ ಬಂದದ್ದೂ ಅಲ್ಲ. ಎರಡು ವರ್ಷ ಬಿಟ್ಟು, 2022ರಲ್ಲಿ, ಥಾಯ್ಲೆಂಡಿನ ಕಡೆಯಿಂದ ಟಿಕ್‌ಟಾಕ್‌ನಲ್ಲಿ ಹೊತ್ತಿಕೊಂಡಿತು. ಆ ವರ್ಷದ ಡಿಸೆಂಬರ್ 31ಕ್ಕೆ ಎನ್‌ಎಚ್‌ಕೆ ಟಿವಿಯವರ ಕೊಹಾಕು ಅನ್ನುವ ವರ್ಷದ ಕೊನೆಯ ಹಾಡಿನ ಕಾರ್ಯಕ್ರಮದಲ್ಲಿ ಅದನ್ನೇ ಹಾಡಿದರು. ರಾಗ ನೋಡಿದರೆ ಬಿ ಶಿಫ್ಟ್ ಅಣ್ಣನ ದೊಡ್ಡವರು ಇಷ್ಟಪಡುವಂಥ ಹಳೇ ಕಾಲದ್ದು, ಕೆಳಗಿನ ಬೀಟು ಇವತ್ತಿನದ್ದು. ಅದೇ ಆಲ್ಬಮ್ಮಿನ 'ನನ್-ನನ್' ಅನ್ನುವ ಹಾಡಿನಲ್ಲಂತೂ 'ನಾನು' ಅನ್ನುವುದಕ್ಕೆ ಪೇಟೆಯ ಮಾತು ಬಿಟ್ಟು 'ವಾಶಿ' ಅನ್ನುತ್ತಾರೆ, ಊರ ಕಡೆಯ ಮಾತು. ಪ್ರೇಮಗೀತೆಯಲ್ಲಿ ನಮ್ಮ ಗಡಿಯ ಕನ್ನಡ ಹಾಕಿದರೆ ಬೆಂಗಳೂರಿನವರು ಕಾಮಿಡಿ ಅಂದುಕೊಳ್ಳುತ್ತಾರೆ. ಅವರಿಗೆ ಅದು ಹಿಟ್ಟು.

---

ತುಮಕೂರು ಟೆಂಪೋ:

ಇಂಜಿನಿಯರಿಂಗ್ ಮೂರನೇ ವರ್ಷ, ನಾಳೆ ಇಂಟರ್ನಲ್ಸ್ ಇದೆ, ಆದರೂ ಬರೆಯುತ್ತಿದ್ದೇನೆ.

ಅಂಕಲ್, 2007 ನೆನಪಿಟ್ಟುಕೊಳ್ಳಿ. ನಿಮ್ಮ ಕೋಲಾರ ಎರಡಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಆದ ವರ್ಷ. ಅದೇ ಆಗಸ್ಟ್ ಕೊನೆಗೆ ಸಪ್ಪೊರೊದ ಒಂದು ಕಂಪನಿ ಹಾತ್ಸುನೆ ಮಿಕು ಅನ್ನುವ ಸಾಫ್ಟ್‌ವೇರ್ ಬಿಟ್ಟಿತು. ಪದ, ಸ್ವರ ಕೊಟ್ಟರೆ ಕಂಪ್ಯೂಟರ್ ಹುಡುಗಿ ಹಾಡುತ್ತಾಳೆ. ಉಸಿರು ಕಟ್ಟಲ್ಲ, ಎಷ್ಟು ಎತ್ತರಕ್ಕೂ ಹಾರುತ್ತಾಳೆ. ಹಾಗಾಗಿ ಹುಡುಗರು ಮನುಷ್ಯರಿಗೆ ಆಗದ ಟ್ಯೂನ್ ಬರೆದರು. ಈಗ ಆ ಹುಡುಗರೇ ಮೇನ್‌ಸ್ಟ್ರೀಮ್. ಗಾಯಕ ಯೊನೆಜು ಕೆನ್‌ಶಿ ಅಲ್ಲಿಂದಲೇ ಬಂದದ್ದು, ಯೋಆಸೊಬಿ ತಂಡದ ಆಯಾಸೆ ಅಲ್ಲಿಂದಲೇ. 17 ವರ್ಷದ ಗಾಯಕಿ ಆದೊ 2020ರಲ್ಲಿ 'ಉಸ್ಸೇವಾ' ಅಂತ ಅರಚಿದ್ದು ಅಂಥವರೊಬ್ಬರು ಬರೆದ ಹಾಡೇ. ಯೊನೆಜು ಅವರ 2018ರ 'ಲೆಮನ್' ಕೇಳಿ. ಬರೆಯುತ್ತಿರುವಾಗಲೇ ಅವರ ಅಜ್ಜ ತೀರಿಕೊಂಡರು. ಸಾವಿನ ಹಾಡು, ಅಷ್ಟು ಗಂಭೀರ. ಅದರ ನಡುವೆ ಬಿಕ್ಕಳಿಕೆ ತರಹ "ವೆ" ಅಂತ ಒಂದು ಸದ್ದು ಬರುತ್ತಲೇ ಇರುತ್ತದೆ. ಯಾಕೆ ಅಂತ ಕೇಳಬೇಡಿ. ತೆಗೆದುಹಾಕಿದರೆ ಹಾಡು ಸಪ್ಪೆ.

ಅದೇ 2007ರ ಸೆಪ್ಟೆಂಬರಿನಲ್ಲಿ ಪರ್ಫ್ಯೂಮ್ ತಂಡದ 'ಪಾಲಿರಿದಮ್' ಬಂತು. ಹಿರೊಶಿಮಾದ ಮೂರು ಹುಡುಗಿಯರು, ಸಂಗೀತ ನಕಾತಾ ಯಾಸುತಾಕಾ. ಮರುಬಳಕೆಯ ಬಗ್ಗೆ ಒಂದು ಪ್ರಚಾರ ಜಾಹೀರಾತಿನಲ್ಲಿ ಬಂದು ದೇಶಕ್ಕೆಲ್ಲ ಗೊತ್ತಾದ ಹಾಡು. ಹಾಡಿನ ನಡುವೆ ಏನಾಗುತ್ತದೆ ಗೊತ್ತಾ? ಡ್ರಮ್ ನಾಲ್ಕರಲ್ಲೇ ಇದೆ. ಮೇಲೆ ಧ್ವನಿಯನ್ನು ಐದೈದರ ತುಂಡು ಮಾಡಿ ಸುತ್ತಿಸುತ್ತಾರೆ. ಸಿಡಿ ಕೆಟ್ಟಿದೆಯಾ ಅನಿಸುತ್ತದೆ. ಆಮೇಲೆ ಎರಡೂ ಒಂದು ಕಡೆ ಬಂದು ಕೂಡಿಕೊಂಡು ಪಲ್ಲವಿ ಬೀಳುತ್ತದೆ ನೋಡಿ, ಆಹಾ. ನಿಮ್ಮ ಪ್ಯಾಡ್ ಹುಡುಗ ನಾಲ್ಕು ಹಿಡಿದುಕೊಳ್ಳಲಿ, ತಮಟೆಯವರೊಬ್ಬರನ್ನು ಕರೆದು ಐದು ಬಡಿಸಿ. 20ನೇ ಹೊಡೆತ ಮುಗಿದ ಮೇಲೆ ಸೇರುತ್ತಾರೆ. ಟ್ರೈ ಮಾಡಿ ಅಂಕಲ್, ಪ್ಲೀಸ್.

---

ಲಘುಗುರು, ಚಿಂತಾಮಣಿ:

ಖಂಡ ನಡೆ ಅನ್ನಪ್ಪ ಅದಕ್ಕೆ! ತಮಟೆಯವರು ಬೇಕಾದರೆ ನಮ್ಮ ಕಡೆ ಹುಡುಕಿ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೇ. ಹಾಡಿಗೆ ನನ್ನ ಸಲಹೆ ಸಕಾಮೊತೊ ಕ್ಯೂ ಅವರ 'ಉಎ ಒ ಮುಯಿತೆ ಅರುಕೋ', 1961ರದ್ದು. ಯಾವ ವಯಸ್ಸಿನ ಜಪಾನಿನವರಿಗೂ ಗೊತ್ತು. ಹೆಚ್ಚು ಕಡಿಮೆ ಮೋಹನ. 4 ಮತ್ತು 7ನೇ ಸ್ವರ ತೆಗೆದದ್ದು ಅಂತಲೇ ಆ ಶ್ರೇಣಿಗೆ ಅವರು ಹೆಸರಿಟ್ಟಿದ್ದಾರೆ, ಯೊನಾನುಕಿ. ನಡುವೆ ಒಂದು ಕಡೆ ಮಾತ್ರ ಹೊರಗೆ ಕಾಲಿಡುತ್ತದೆ, ನೋಡಿಕೊಳ್ಳಿ.

---

ಕೀಬೋರ್ಡ್ ಕೋಲಾರ:

ಪ್ರೋಗ್ರಾಂ ಮುಗಿಯಿತು. ಹೇಗಾಯಿತು ಅಂತ ನಾಲ್ಕು ಜನ ಮೆಸೇಜ್ ಮಾಡಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಮೇಷ್ಟ್ರ ಹಾಡನ್ನೇ ತೆಗೆದುಕೊಂಡೆ. ಕಣ್ಣೀರು ಕೆಳಗೆ ಬೀಳದ ಹಾಗೆ ತಲೆ ಎತ್ತಿ ನಡೆಯೋಣ ಅನ್ನುವ ಹಾಡು. 1963ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೂರು ವಾರ ನಂಬರ್ ಒನ್ ಇತ್ತಂತೆ. ಇಂಗ್ಲಿಷ್ ಮಾತಾಡುವವರಿಗೆ ಹೆಸರು ಬಾಯಿಗೆ ಬರಲ್ಲ ಅಂತ 'ಸುಕಿಯಾಕಿ' ಅಂತ ಇಟ್ಟರು. ಅದು ಮಾಂಸದ ಅಡುಗೆ! ನಮ್ಮ ಅಗಲಿಕೆಯ ಹಾಡಿಗೆ ಯಾರೋ 'ಬಸ್ಸಾರು' ಅಂತ ಹೆಸರಿಟ್ಟು ಮಾರಿದ ಹಾಗೆ. ಸುಲಭದ ಹಾಡು ಅಂತ ಇಲ್ಲೂ ಮೋಸ ಹೋದೆ. ಸಕಾಮೊತೊ ಒಂದೊಂದು ಸ್ವರವನ್ನೂ ಎಳೆದು, ಬಿಕ್ಕಿ, ತುಂಡು ಮಾಡಿ ಹಾಡುತ್ತಾರೆ. 'ಮುಯಿತೆ' ಅನ್ನುವುದಕ್ಕೆ ನಮ್ಮ ಗಾಯಕಿ ಎರಡು ದಿನ ತೆಗೆದುಕೊಂಡಳು. ಉತಾದಾಗೆ 37 ವರ್ಷ ಮೊದಲೇ ಪದ ಮುರಿದಿದ್ದಾರೆ, ಇಡೀ ದೇಶ ಜೊತೆಗೆ ಹಾಡಿದೆ. ಆದ್ದರಿಂದ ನನ್ನ ಮೊದಲ ಪ್ರಶ್ನೆ ವಾಪಸ್ ತೆಗೆದುಕೊಳ್ಳುತ್ತೇನೆ. ಒಂದು ಕಡೆ ಪ್ರಯೋಗ, ಇನ್ನೊಂದು ಕಡೆ ಜನ ಅಂತ ನಾನೇ ಗೋಡೆ ಕಟ್ಟಿಕೊಂಡಿದ್ದೆ. ಹಿಡಿದುಕೊಳ್ಳಲು ಒಂದು ಮೋಹನ ಕೊಟ್ಟರೆ ಜನ ಎಲ್ಲಿಗೆ ಬೇಕಾದರೂ ಬರುತ್ತಾರೆ. ರಿಂಗೊ 2003ರಲ್ಲಿ ಆ ಹಗ್ಗವನ್ನೂ ಬಿಚ್ಚಿಟ್ಟರು ಅಂತ ಕಾಣುತ್ತದೆ. ಅದು ಅವರ ಧೈರ್ಯ, ನನಗಿಲ್ಲ. 'ಒಂದು ಮಾತು' ಅವರೇ, ನೀವು ಹೇಳಿದ್ದೂ ಚುಚ್ಚಿತು. ಆಯುಮಿ ಕೇಳುತ್ತಿದ್ದೇನೆ.

ತುಮಕೂರು ಹುಡುಗನ ಆಸೆಗೆ ಹಾಡಿನ ನಡುವೆ ಐದು-ನಾಲ್ಕನ್ನೂ ಹಾಕಿದೆವು. ಚಿಂತಾಮಣಿ ಕಡೆಯ ತಮಟೆಯವರು ಒಬ್ಬರು ಬಂದರು, ಅರವತ್ತರ ಮೇಲಿನವರು. ವಿವರಿಸಲು ಬಾಯಿ ತೆಗೆದೆ. "ಗೊತ್ತಾಯ್ತು ಬುಡಣ್ಣ" ಅಂತ ಬೆಂಕಿಗೆ ತಮಟೆ ಹಿಡಿದು ಕಾಯಿಸಲು ಹೋದರು. ಪ್ರಾಕ್ಟೀಸಿನಲ್ಲಿ ಅವರು ಒಂದು ಸಲವೂ ತಪ್ಪಲಿಲ್ಲ. ನಮ್ಮ ಪ್ಯಾಡ್ ಹುಡುಗನೇ ಅವರನ್ನು ನೋಡುತ್ತಾ ಮೂರು ಸಲ ಐದಕ್ಕೆ ಜಾರಿದ.

ಸ್ಟೇಜಿನಲ್ಲಿ ಶಿಳ್ಳೆಯ ಭಾಗ ಬಂದಾಗ ಮುಂದಿನ ಸಾಲಿನಲ್ಲಿ ಒಬ್ಬರು ಎದ್ದುನಿಂತು ತಾವೇ ಶಿಳ್ಳೆ ಹಾಕಿದರು. ಬಿಳಿ ಕೂದಲು, ಫ್ಯಾಕ್ಟರಿ ಜಾಕೆಟ್ಟು. ಉಳಿದ ಏಳು ಜನ ಕೂತಲ್ಲೇ ಹಾಡಿದರು. ಹಿಂದಿನ ಆರುನೂರು ಜನಕ್ಕೆ ಹಾಡು ಏನೂ ಅನಿಸಲಿಲ್ಲ, ಫೋನ್ ನೋಡುತ್ತಿದ್ದರು. ಐದು-ನಾಲ್ಕು ಶುರುವಾದಾಗ ಮೊದಲ ಸುತ್ತಿಗೆ ಎಲ್ಲರೂ ಸೌಂಡ್‌ನವನ ಕಡೆ ತಿರುಗಿದರು, ಏನೋ ಕೆಟ್ಟಿತು ಅಂತ. ಎರಡನೇ ಸಲ 20ಕ್ಕೆ ಕೂಡಿದಾಗ ಹಿಂದಿನಿಂದ ಒಬ್ಬ "ಒನ್ಸ್ ಮೋರ್" ಅಂತ ಕೂಗಿದ. ಮೂರನೇ ಸುತ್ತಿನಲ್ಲಿ ಪ್ಯಾಡ್ ಹುಡುಗ ತಪ್ಪಿದ. ನಾನು ಕೀಬೋರ್ಡಿನಲ್ಲಿ ಜೋರಾಗಿ ಒಂದು ಕಾರ್ಡ್ ಒತ್ತಿ ಮುಚ್ಚಿಹಾಕಿದೆ.

ಮಗಳಿಗೆ ಸಿಟ್ಟು, ಉತಾದಾ ನುಡಿಸಲಿಲ್ಲ ಅಂತ. ಎರಡು ದಿನ ಮಾತಿಲ್ಲ.

ರಾತ್ರಿ ಹನ್ನೊಂದಕ್ಕೆ ಟೆಂಪೋದಲ್ಲಿ ಸಾಮಾನು ತುಂಬಿಕೊಂಡು ವಾಪಸ್ ಹೊರಟೆವು. ಹೈವೇಯಲ್ಲಿ ಟೊಮೆಟೊ ಲಾರಿಗಳು ಸಾಲುಗಟ್ಟಿದ್ದವು. ಕೊಂಡರಾಜನಹಳ್ಳಿ ಹತ್ತಿರ ಬರುವಾಗ ಹಿಂದಿನಿಂದ ಟಕಟಕ ಅಂತ ಸದ್ದು. ತಮಟೆಯವರು ಟೆಂಪೋದ ತಗಡಿನ ಮೇಲೆ ಬೆರಳಲ್ಲಿ ಐದು ಹಾಕುತ್ತಿದ್ದರು. ನಮ್ಮ ಹುಡುಗ ಮಂಡಿಯ ಮೇಲೆ ನಾಲ್ಕು. "ಇನ್ನೊಂದು ದಪ ಒಡಿಯಪ್ಪ, ನನ್ನ ಕಡೆ ನೋಡಬ್ಯಾಡ" ಅಂದರು.